ಹೊರಗಿನ ಸೈರನ್

ಗುಡ್ಡವನ್ನು ಹಿಡಿದು ನಿಲ್ಲಿಸುವ ಯಂತ್ರ ಬರುತ್ತದಂತೆ ಎಂದು ನಾನು ಮನೆಗೆ ಬಂದು ಹೇಳಿದಾಗ ನನ್ನವ್ವ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, "ಎಷ್ಟೊತ್ತು ಹಿಡೀತೈತಿ?"

"ಮೂರು ನಿಮಿಷ."

"ಆಮ್ಯಾಲೆ?"

"ಆಮ್ಯಾಲೆ ಬಿಡ್ತೈತಿ. ಅಷ್ಟರೊಳಗ ನಾವು ಮನಿ ಬಿಟ್ಟು ಮೈದಾನಕ್ಕ ಹೋಗಿರಬೇಕು."

"ಅಯ್ಯ ನಿನ್ನ! ಬಿಡೂದಿದ್ರ ಹಿಡಿಯೂದ್ಯಾಕಬೇ?" ಎಂದು ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ನನಗೆ ನಗು ಬಂತು. ಆ ಕಾಲಕ್ಕೆ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಆ ಯಂತ್ರದ ಕಂಟ್ರೋಲ್ ರೂಮಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ನಮ್ಮ ಕ್ಯಾಂಪಿನ ಹೆಣ್ಣುಮಕ್ಕಳಲ್ಲಿ ಎ.ಸಿ. ರೂಮಿನೊಳಗೆ ಕೂತು ಸಂಬಳ ಎಣಿಸಿದ ಮೊದಲನೆಯವಳು ಈ ಸುಂಕಮ್ಮ. ಗಂಡ ದೂರದ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ, ಮನೆಯಲ್ಲಿ ನಾನು, ಅವ್ವ, ನನ್ನ ಮಗಳು ಪಂಪಾ. ಮೂವರೂ ಹೆಣ್ಣೇ ಇದ್ದ ಮನೆಯಲ್ಲಿ ಜಗಳಕ್ಕೂ ನಗುವಿಗೂ ಬರ ಇರಲಿಲ್ಲ.

ನಮ್ಮದು ಹರಳುಗುಡ್ಡ ಕ್ಯಾಂಪು. ಬಳ್ಳಾರಿ ಸೀಮೆಯ ಕಬ್ಬಿಣದ ಗಣಿಯ ಜನ ನಾವು. ನನ್ನ ಅಜ್ಜ ಗಣಿಯಲ್ಲಿ ಗುದ್ದಲಿ ಹಿಡಿದವನು, ಅಪ್ಪ ಮದ್ದು ಇಟ್ಟು ಬಂಡೆ ಸಿಡಿಸುತ್ತಿದ್ದವನು. ಅದಿರು ತೀರಿತು, ಗಣಿ ಮುಚ್ಚಿತು. ಉಳಿದದ್ದು ಎರಡು: ಒಂದು ಆಳವಾದ ಗುಂಡಿ, ಇನ್ನೊಂದು ಕೆಂಪು ದಿಬ್ಬ. ಅದಿರು ತೊಳೆದು ಮಿಕ್ಕ ಪುಡಿಮಣ್ಣನ್ನು ಸುರಿದೂ ಸುರಿದೂ ಎದ್ದ ಗುಡ್ಡ ಅದು. ಅದರ ಬುಡದಲ್ಲೇ ಸಾಲು ಸಾಲಾಗಿ ನಮ್ಮ ಲೈನ್ ಮನೆಗಳು. ಹೊರಗಿನಿಂದ ಬಂದವರು ಮೂಗು ಮುರಿದು ಕೇಳುತ್ತಾರೆ, ಗುಡ್ಡದ ಕೆಳಗೆ ಯಾರಾದರೂ ಮನೆ ಕಟ್ಟುತ್ತಾರಾ ಎಂದು. ಸ್ವಾಮಿ, ನಾವು ಗುಡ್ಡದ ಕೆಳಗೆ ಮನೆ ಕಟ್ಟಲಿಲ್ಲ. ಮನೆಗಳು ಮೊದಲೇ ಇದ್ದವು. ಗುಡ್ಡವನ್ನು ತಂದು ನಮ್ಮ ತಲೆಯ ಮೇಲೆ ಸುರಿದರು.

ಗಣಿ ಮುಚ್ಚಿದ ಮೇಲೆ ಗುಂಡಿಗೆ ನೀರು ತುಂಬಿಸಿದರು. ಹಗಲು ಬಿಸಿಲಿನ ಕರೆಂಟಿನಿಂದ ನೀರನ್ನು ಎತ್ತರದಲ್ಲಿ ಕಟ್ಟಿದ ಕೆರೆಗೆ ಎತ್ತುವುದು, ಕತ್ತಲಾದ ಮೇಲೆ ಕೆಳಗಿಳಿಸಿ ಕರೆಂಟು ತೆಗೆಯುವುದು. ನೀರೆಂದರೆ ಭಾರ. ದಿನವೂ ಅಷ್ಟು ಭಾರವನ್ನು ಹೇರಿ, ಇಳಿಸಿ, ಮತ್ತೆ ಹೇರಿದರೆ ಕೆಳಗಿನ ಹಳೇ ಬಂಡೆ ಸುಮ್ಮನಿರುತ್ತದೆಯೇ? ಗೊಣಗಲು ಶುರುಮಾಡಿತು. ಮೊದಲು ಕಿಟಕಿಯ ಗಾಜುಗಳು ಝಣಗುಟ್ಟಿದವು. ಆಮೇಲೆ ಗೋಡೆಗಳು ಬಿರುಕು ಬಿಟ್ಟವು. ಕ್ಯಾಂಪನ್ನು ಬೇರೆ ಕಡೆ ಎಬ್ಬಿಸಿ ಎಂದು ನಾವು ಕೇಳಿದೆವು. ಮೇಲಿನವರು ಲೆಕ್ಕ ಹಾಕಿದರು. ಜನರನ್ನು ಎಬ್ಬಿಸುವುದಕ್ಕಿಂತ ಗುಡ್ಡವನ್ನು ಹಿಡಿಯುವುದು ಅಗ್ಗ ಎಂದು ಲೆಕ್ಕ ಬಂತು.

ಹೀಗೆ ಬಂತು ಎದುರಲೆ ಯಂತ್ರ, ನೆಲದ ಅಲೆಗೆ ಎದುರಾಗಿ ಅಲೆ ಎಬ್ಬಿಸುವಂಥದ್ದು. ಅದರ ಜೊತೆ ಮೈಸೂರಿನ ಕಡೆಯ ಎಂಜಿನಿಯರ್ ಭಾರ್ಗವ ಬಂದರು. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ನೀವು ಅವರನ್ನು ಬೈಯಬಹುದು. ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಅವ್ವ ಬಿಡದೆ ಕೇಳಿದಳು, ಇಷ್ಟು ವರ್ಷ ನಿಂತ ದಿಬ್ಬ ಈಗ್ಯಾಕ ಬೀಳ್ತೈತಿ ಎಂದು. ಅವರು ಜೋಳ ಅಳೆಯುವ ಸೇರನ್ನೇ ಕೈಗೆ ತೆಗೆದುಕೊಂಡರು.

"ನೋಡೀಮ್ಮ, ಸೇರು ತುಂಬ ಜೋಳ ಹಾಕಿ ತಟ್ಟಿದ್ರೆ ಏನಾಗುತ್ತೆ?"

"ಕಾಳು ಕೆಳಗಿಳೀತಾವ. ಇನ್ನೊಂದು ಹಿಡಿ ಹಿಡಿಸ್ತೈತಿ."

"ಮಣ್ಣೂ ಹಾಗೇ. ಅಲುಗಾಡಿಸಿದ್ರೆ ಕಣಗಳು ಕುಸಿದು ಒತ್ತಾಗಿ ಕೂರೋಕೆ ನೋಡ್ತವೆ. ಆದ್ರೆ ಕಣಗಳ ನಡುವೆ ನೀರು ತುಂಬಿದ್ರೆ? ಕೂರೋಕೆ ಜಾಗ ಇಲ್ಲ. ಒಂದಕ್ಕೊಂದು ಹಿಡಿದುಕೊಂಡಿದ್ದ ಕೈ ಬಿಟ್ಟುಹೋಗುತ್ತೆ. ಗುಡ್ಡದ ಭಾರವೆಲ್ಲ ನೀರಿನ ತಲೆ ಮೇಲೆ ಬೀಳುತ್ತೆ. ನೀರಿಗೆ ಭಾರ ಹೊರೋದು ಗೊತ್ತಿಲ್ಲಮ್ಮ, ಹರಿಯೋದು ಮಾತ್ರ ಗೊತ್ತು."

ಅವ್ವ ಸೇರನ್ನು ಅವರ ಕೈಯಿಂದ ಇಸಿದುಕೊಂಡು ಒಳಗಿಟ್ಟಳು. "ಉಣ್ರೀ ಸರ್, ಪಲ್ಯ ಆರಿ ಹೋಗ್ತೈತಿ" ಎಂದಳು. ಅವಳಿಗೆ ಅರ್ಥವಾಗಿತ್ತು.

ಕಂಟ್ರೋಲ್ ರೂಮು ದಿಬ್ಬದ ಎದುರಿಗಿನ ಗಟ್ಟಿ ಬಂಡೆಯ ಮೇಲಿತ್ತು. ಅಲ್ಲಿ ನಾನು ಕಲಿತದ್ದು ಇಷ್ಟು. ನೆಲ ನಡುಗಿದಾಗ ಎರಡು ಅಲೆ ಹೊರಡುತ್ತವೆ. ಮೊದಲನೆಯದು ತಳ್ಳುತ್ತಾ ಬರುತ್ತದೆ, ಚುರುಕು, ಆದರೆ ಬಡಪಾಯಿ. ಎರಡನೆಯದು ಪಕ್ಕಕ್ಕೆ ಅಲ್ಲಾಡಿಸುತ್ತಾ ಬರುತ್ತದೆ, ನಿಧಾನ, ಆದರೆ ಕೊಲೆಗಾರ. ಮೊದಲನೆಯದನ್ನು ಕೇಳಿಸಿಕೊಂಡ ತಕ್ಷಣ ನಮ್ಮ ಯಂತ್ರ ಎರಡನೆಯದಕ್ಕೆ ಸಿದ್ಧವಾಗುತ್ತಿತ್ತು. ದಿಬ್ಬದ ತುಂಬ ಬಾವಿ ತೋಡಿ ಲಾರಿಯಷ್ಟು ಭಾರದ ಕಬ್ಬಿಣದ ಗುಂಡುಗಳನ್ನು ಕೂರಿಸಿದ್ದರು. ನೆಲ ಎಡಕ್ಕೆ ಎಳೆದರೆ ಅವು ಬಲಕ್ಕೆ, ಅದು ಬಲಕ್ಕೆ ಎಳೆದರೆ ಇವು ಎಡಕ್ಕೆ. ಬುಡದಲ್ಲಿ ಸಣ್ಣಗಿದ್ದ ಅಲುಗಾಟ ನೆತ್ತಿಗೆ ಹತ್ತುವಾಗ ಚಾವಟಿಯ ತುದಿಯಂತೆ ಬಲಿಯುತ್ತದೆ. ಹಾಗಾಗಿ ನೆತ್ತಿಯಲ್ಲೇ ಗುಂಡುಗಳು ಹೆಚ್ಚು.

ಸಣ್ಣ ನಡುಕಗಳನ್ನು ಯಂತ್ರ ನುಂಗಿ ನೀರು ಕುಡಿಯುತ್ತಿತ್ತು. ದೊಡ್ಡದು ಬಂದರೆ ಮಾತ್ರ ಬೇರೆ ಮಾತು. ಅಲೆಯನ್ನು ಯಂತ್ರ ತಡೆದರೂ ಮಣ್ಣೊಳಗಿನ ನೀರು ಏರುತ್ತಲೇ ಇರುತ್ತದೆ. ಪರದೆಯ ಮೇಲೆ ಅದನ್ನು ತೋರಿಸುವ ನೀಲಿ ಕಂಬಗಳು ಕೆಂಪಾಗುತ್ತಾ ಹೋಗುತ್ತವೆ. ಎಲ್ಲ ಕಂಬ ಕೆಂಪಾಗಲು ಮೂರು ನಿಮಿಷ. ನಮ್ಮ ಕ್ಯಾಂಪಿನ ಕುಂಟನೂ ಅಷ್ಟರಲ್ಲಿ ಮೈದಾನ ಸೇರಬಹುದು. ಮೂರು ನಿಮಿಷವನ್ನು ಕೊಂಡುಕೊಡುವುದಷ್ಟೇ ಯಂತ್ರದ ಕೆಲಸ, ಅದನ್ನು ಖರ್ಚು ಮಾಡುವುದು ನಮ್ಮ ಕೆಲಸ.

ಇನ್ನು ಸೈರನ್ನಿನ ಕತೆ.

ಗಣಿ ಇದ್ದಾಗ ದಿನಾ ಮಧ್ಯಾಹ್ನದ ಊಟದ ಹೊತ್ತಿಗೆ ಬಂಡೆ ಸಿಡಿಸುತ್ತಿದ್ದರು. ಅದಕ್ಕೆ ಮುಂಚೆ ಸೈರನ್ ತುಂಡು ತುಂಡಾಗಿ ಕೂಗುತ್ತಿತ್ತು. ಅದಕ್ಕೆ ನಾವು ಒಳಗಿನ ಸೈರನ್ ಎನ್ನುತ್ತಿದ್ದೆವು. ಕೇಳಿದ ಕೂಡಲೇ ಎಲ್ಲರೂ ಒಳಗೆ. ಹೆಂಗಸರು ಗೂಡಿನ ಮೇಲಿನ ಪಾತ್ರೆಗಳನ್ನು ಕೆಳಗಿಳಿಸುತ್ತಿದ್ದರು, ಮಕ್ಕಳನ್ನು ಮಂಚದ ಕೆಳಗೆ ತೂರಿಸುತ್ತಿದ್ದರು, ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಬೀದಿಯಲ್ಲಿ ಯಾರಾದರೂ ಪರದೇಶಿ ಸಿಕ್ಕರೆ ಅವನನ್ನೂ ಕೈಹಿಡಿದು ಒಳಗೆಳೆದುಕೊಳ್ಳಬೇಕು, ಅದು ಕ್ಯಾಂಪಿನ ಧರ್ಮ. ಯಾಕೆಂದರೆ ಕಲ್ಲು ಹಾರಿ ಬರುತ್ತಿದ್ದವು. ಸೈರನ್ ನಿಲ್ಲುತ್ತಿತ್ತು, ಒಂದು ಗಳಿಗೆ ಮೌನ, ಆಮೇಲೆ ಢಮಾರ್. ಅದಾದ ಮೇಲೆ ಒಂದೇ ಉಸಿರಿನ ಉದ್ದನೆಯ ಸೈರನ್. ಅದು ಹೊರಗಿನ ಸೈರನ್. ಬಾಗಿಲು ತೆರೆಯುತ್ತಿದ್ದವು, ಕೈತೊಳೆದು ಊಟಕ್ಕೆ ಕೂರುತ್ತಿದ್ದರು.

ನಮ್ಮ ಮನೆಯ ಬಾಗಿಲು ಮಾತ್ರ ಆಗಲೂ ತೆರೆಯುತ್ತಿರಲಿಲ್ಲ.

ನಾನು ಪಂಪಾಳಷ್ಟಿದ್ದಾಗ ಹೊರಗಿನ ಸೈರನ್ ಆದಮೇಲೆ ಅಪ್ಪ ಮದ್ದಿನ ತೂತುಗಳನ್ನು ನೋಡಲು ಹೋಗಿದ್ದ. ಒಂದು ತೂತು ಸಿಡಿಯದೆ ಉಳಿದಿತ್ತು. ಅಪ್ಪ ಹತ್ತಿರ ಹೋದಾಗ ಸಿಡಿಯಿತು. ಆವತ್ತಿನಿಂದ ಅವ್ವ ಹೊರಗಿನ ಸೈರನ್ನನ್ನು ನಂಬಲಿಲ್ಲ. ಅದು ಕೂಗಿದಾಗ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಕೂರುತ್ತಿದ್ದಳು. ಅಪ್ಪನ ಜೊತೆಗಾರ ಹೊನ್ನೂರವಲಿ ಗಣಿಯಿಂದ ಇಳಿದು ಬಂದು ನಮ್ಮ ಬಾಗಿಲು ತಟ್ಟಿ, "ಹುಲಿಗೆವ್ವಾ, ಮುಗೀತು ನೋಡವ್ವಾ" ಎನ್ನಬೇಕು. ಆಗಲೇ ಚಿಲಕ ತೆಗೆಯುತ್ತಿದ್ದಳು. ಗಣಿ ಮುಚ್ಚುವ ತನಕ ವಲಿ ಮಾವ ಒಂದು ದಿನ ತಪ್ಪಿಸದೆ ತಟ್ಟಿದ. ಪುಣ್ಯಾತ್ಮ, ಯಂತ್ರ ಬಂದ ಮರುವರ್ಷ ತೀರಿಕೊಂಡ.

ಯಂತ್ರ ಬಂದಾಗ ಕಂಪನಿಯವರು ಹೊಸ ಸೈರನ್ ತಂದಿದ್ದರು. ಕುಂಯ್ ಕುಂಯ್ ಎನ್ನುತ್ತಿತ್ತು. ಸಭೆಯಲ್ಲಿ ಅದನ್ನು ಕೇಳಿಸಿದಾಗ ಜನ ಬಿದ್ದು ಬಿದ್ದು ನಕ್ಕರು. "ಇದೇನ್ರೀ ಸರ್, ಯಾರಿಗೋ ಹೆರಿಗಿ ಬ್ಯಾನಿ ಅಂತ ತಿಳ್ಕೊಂತೀವಿ! ನಮ್ಮ ಹಳೇ ಸೈರನ್ ಶೆಡ್ಡಿನ್ಯಾಗ ಬಿದ್ದೈತಿ, ಅದನ್ನ ಹಾಕ್ರಿ" ಎಂದು ಹಿರಿಯರು ಪಟ್ಟು ಹಿಡಿದರು. ಭಾರ್ಗವ ಸರ್‌ಗೂ ಖುಷಿ. ಜನಕ್ಕೆ ಗೊತ್ತಿರುವ ದನಿ, ಕಣಿವೆ ತುಂಬ ಕೇಳುವ ದನಿ. ಹಳೆಯ ಸೈರನ್, ಒಳಗಿನದಕ್ಕೊಂದು ಹೊರಗಿನದಕ್ಕೊಂದು ಎಂದು ಎರಡು ಗುಂಡಿಯಿದ್ದ ಅದರ ಹಳೆಯ ಪೆಟ್ಟಿಗೆ ಸಮೇತ ಕಂಟ್ರೋಲ್ ರೂಮಿನ ಮಾಳಿಗೆ ಏರಿತು. ತುಂಡು ತುಂಡಾಗಿ ಕೂಗಿದರೆ ಮನೆ ಬಿಟ್ಟು ಮೈದಾನಕ್ಕೆ ಓಡಬೇಕು ಎಂದು ಮೈಕಿನಲ್ಲಿ ಹೇಳಿದರು, ಎಲ್ಲರೂ ತಲೆಯಾಡಿಸಿದರು. ಮೊದಲ ಸಲ ಅದು ಮತ್ತೆ ಕೂಗಿದ ದಿನ ಕ್ಯಾಂಪಿನ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ನನ್ನ ಕಿವಿಯಲ್ಲಿ, "ನಿಮ್ಮಪ್ಪ ಬಂದಂಗಾತು ನೋಡು" ಎಂದಳು.

ತಾಲೀಮು ಇಟ್ಟಿದ್ದು ಭಾನುವಾರ ಬೆಳಿಗ್ಗೆ. ವಾರದ ದಿನ ಇಟ್ಟರೆ ಕೂಲಿ ಹೋಗುತ್ತದೆ ಎಂದು ಜನರೇ ಕೇಳಿದ್ದರು. ಸೈರನ್ ಕೂಗುತ್ತಿತ್ತು, ಜನ ಹೊರಬರುತ್ತಿದ್ದರು, ಮೈದಾನದಲ್ಲಿ ಮಂಡಕ್ಕಿ ಮಿರ್ಚಿ ಕೊಡುತ್ತಿದ್ದರು. ಮಿರ್ಚಿ ಅಂದರೆ ನಮ್ಮವರು ಹೆಣ ಬಿಟ್ಟಾದರೂ ಬಂದಾರು. ತಿಂಗಳು ತಿಂಗಳು ಜನ ಚುರುಕಾದರು. ಎಲ್ಲರಿಗಿಂತ ಮುಂದೆ ನನ್ನವ್ವ, ಪಂಪಾಳ ಕೈ ಹಿಡಿದುಕೊಂಡು ಸೀರೆಯ ನೆರಿಗೆ ಎತ್ತಿ ಕಟ್ಟಿ ಬರುತ್ತಿದ್ದಳು. ಭಾರ್ಗವ ಸರ್ ಚಪ್ಪಾಳೆ ತಟ್ಟಿ, "ಹುಲಿಗೆಮ್ಮನವರೇ ಫಸ್ಟ್!" ಎನ್ನುತ್ತಿದ್ದರು. ಇವಳು, "ಬಹುಮಾನ ಏನಿಲ್ಲಾ? ಇನ್ನೆರಡು ಮಿರ್ಚಿ ಹಾಕ್ರಿ ಮತ್ತ" ಎಂದು ಕೈ ಚಾಚುತ್ತಿದ್ದಳು.

ಹೀಗೆ ಎರಡು ವರ್ಷ ಹೋಯಿತು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದೆವು. ಗೂಡಿನ ಮೇಲೆ ಪಾತ್ರೆಗಳು ಕದಲದೆ ನಿಂತವು. ನೀರಿನ ಕರೆಂಟಿನ ಕೆಲಸಕ್ಕೆಂದು ಹೊಸ ಸಂಸಾರಗಳು ಬಂದು ಕೆಳಗಿನ ಲೈನು ತುಂಬಿದವು. ಪಂಪಾಳ ಮುಂದಿನ ಹಲ್ಲು ಬಿತ್ತು. ಅದನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವಾಗ ಅಜ್ಜಿ ಮೊಮ್ಮಗಳು ಇಬ್ಬರೂ ಮಾಡಿದ ಗದ್ದಲ ನೋಡಬೇಕಿತ್ತು.

"ಹಲ್ಲಿಲ್ಲದಾಕಿ, ಇನ್ನ ಮ್ಯಾಲೆ ನನ್ನಂಗ ರೊಟ್ಟಿ ಹಾಲಿನ್ಯಾಗ ನೆನಸಿ ತಿನ್ನು" ಎಂದು ಅವ್ವ ಛೇಡಿಸಿದಳು.

"ನಂದು ಮತ್ತ ಬರ್ತೈತಿ, ನಿಂದು ಬರಂಗಿಲ್ಲ" ಎಂದಳು ಇವಳು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ, ಹಾಳಾದ್ದು ಹೋಗುವುದಿಲ್ಲ.

ಅದು ಬಂದದ್ದು ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಹಿಂದಿನ ವಾರವೆಲ್ಲ ಮಳೆ ಹೊಡೆದು ದಿಬ್ಬ ನೀರು ಕುಡಿದು ಕೂತಿತ್ತು. ಪಂಪಾ ಶಾಲೆಯಿಂದ ಊಟಕ್ಕೆ ಮನೆಗೆ ಬಂದಿದ್ದಳು. ನಾನು ಡಬ್ಬಿಯ ಮುಚ್ಚಳ ತೆಗೆದಿದ್ದೆ. ಪರದೆಯ ಮೇಲೆ ಮೊದಲನೆಯ ಅಲೆಯ ಗೆರೆ ಎದ್ದಿತು. ಅಷ್ಟು ಎತ್ತರದ ಗೆರೆಯನ್ನು ನಾನು ಕಂಡೇ ಇರಲಿಲ್ಲ. ಮಾಳಿಗೆಯ ಮೇಲೆ ಸೈರನ್ ತಾನೇ ತಾನಾಗಿ ತುಂಡು ತುಂಡಾಗಿ ಕೂಗಲು ಶುರುಮಾಡಿತು. ಎರಡನೆಯ ಅಲೆ ಬಂದಾಗ ಕುರ್ಚಿ ನನ್ನನ್ನು ಕೆಳಗೆ ಕೆಡವಿತು. ಎದುರಿನ ದಿಬ್ಬದಲ್ಲಿ ಗುಂಡುಗಳು ಎಡಕ್ಕೂ ಬಲಕ್ಕೂ ಬಡಿಯುವ ಸದ್ದು ಕಣಿವೆಯಲ್ಲೆಲ್ಲ ಕೇಳಿಸಿತು.

ನಡುಕ ನಿಂತಿತು. ದಿಬ್ಬ ನಿಂತೇ ಇತ್ತು.

"ಹಿಡೀತು! ಸುಂಕಮ್ಮ, ಹಿಡೀತು ನೋಡಿ!" ಭಾರ್ಗವ ಸರ್ ಚಿಕ್ಕ ಹುಡುಗನ ಹಾಗೆ ಕುಣಿದರು. ಅವರ ಕಣ್ಣಲ್ಲಿ ನೀರು. ನನಗೂ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ನೀಲಿ ಕಂಬಗಳ ಬುಡ ಕೆಂಪಾಗಲು ಶುರುವಾಗಿತ್ತು, ಆದರೆ ಅದು ಗೊತ್ತಿದ್ದದ್ದೇ. ಮೂರು ನಿಮಿಷ ಕೈಯಲ್ಲಿತ್ತು. ಜನ ಮೈದಾನ ಮುಟ್ಟಿರುತ್ತಾರೆ ಎಂದುಕೊಂಡು ಮೈದಾನದ ಕಂಬದ ಕ್ಯಾಮೆರಾವನ್ನು ಪರದೆಗೆ ತಂದೆ.

ಮೈದಾನದಲ್ಲಿ ಜನರಿರಲಿಲ್ಲ.

ಕೆಳಗಿನ ಲೈನಿನ ಹೊಸ ಸಂಸಾರದವರು ನಾಲ್ಕಾರು ಮಂದಿ ಮಾತ್ರ ಪೆಚ್ಚಾಗಿ ನಿಂತಿದ್ದರು. ನಮ್ಮವರು, ಗಣಿಯ ಜನ, ಮನೆಗಳತ್ತ ಓಡುತ್ತಿದ್ದರು. ಬೀದಿಯಲ್ಲಿದ್ದವರು, ನಲ್ಲಿಯ ಹತ್ತಿರವಿದ್ದವರು, ಕಟ್ಟೆಯ ಮೇಲೆ ಕೂತಿದ್ದವರು, ಎಲ್ಲರೂ ಒಳಗೆ, ಒಳಗೆ. ಒಬ್ಬಳು ಹೊಸ ಟೀಚರಮ್ಮನ ಕೈ ಹಿಡಿದು ಬೈಯುತ್ತಾ ತನ್ನ ಮನೆಯೊಳಗೆ ಎಳೆದುಕೊಂಡಳು. ಬಾಗಿಲುಗಳು ಪಟಪಟನೆ ಮುಚ್ಚಿದವು.

"ಇವರಿಗೆ ಏನಾಗಿದೆ? ತಾಲೀಮಲ್ಲಿ ಎಷ್ಟು ಚೆನ್ನಾಗಿ ಮಾಡ್ತಿದ್ರಲ್ಲ!" ಭಾರ್ಗವ ಸರ್ ಪರದೆಯನ್ನು ಕೈಯಿಂದ ಬಡಿದರು.

ನನಗೆ ತಟ್ಟನೆ ಹೊಳೆಯಿತು. ತಾಲೀಮು ಭಾನುವಾರ ಬೆಳಿಗ್ಗೆಯದು. ಇದು ಮಧ್ಯಾಹ್ನ, ಊಟದ ಹೊತ್ತು. ಈ ಹೊತ್ತಿಗೆ ಈ ಸೈರನ್ ಕೂಗಿ, ಕಾಲ ಕೆಳಗೆ ನೆಲ ಅದುರಿದರೆ ಏನು ಮಾಡಬೇಕೆಂದು ನಮ್ಮವರಿಗೆ ಮೈಕಿನಲ್ಲಿ ಯಾರೂ ಹೇಳಿಕೊಡಬೇಕಿರಲಿಲ್ಲ. ಅಜ್ಜನ ಕಾಲದಿಂದ ಕಾಲಿಗೇ ಗೊತ್ತಿತ್ತು. ನಾನೇ ಆ ಬೀದಿಯಲ್ಲಿದ್ದಿದ್ದರೂ ಮನೆಯೊಳಗೆ ಓಡಿ ಚಿಲಕ ಹಾಕುತ್ತಿದ್ದೆ. ದೇವರಾಣೆ ಹಾಕುತ್ತಿದ್ದೆ.

"ಸರ್, ಅವರು ಕಲ್ಲು ಸಿಡಿಸ್ತಾರಂತ ತಿಳ್ಕೊಂಡಾರ್ರೀ!"

ಮೈಕು ಹಿಡಿದು ಕೂಗಿದೆ. ಕ್ಯಾಂಪಿನ ಕಂಬಗಳ ತಂತಿ ನಡುಕಕ್ಕೆ ಹರಿದಿತ್ತು, ನನ್ನ ಕೂಗು ನನ್ನ ಕಿವಿಗೇ ಉಳಿಯಿತು. ಫೋನು ಮಾಡಿದೆ. ಎಲ್ಲರೂ ಎಲ್ಲರಿಗೂ ಮಾಡುತ್ತಿದ್ದರು, ಯಾರದೂ ಯಾರಿಗೂ ಹೋಗಲಿಲ್ಲ. ಅಷ್ಟರಲ್ಲಿ ಸೈರನ್ ತಾನಾಗಿ ನಿಂತಿತು. ಅದು ನಿಂತದ್ದು ಇನ್ನೂ ಕೆಟ್ಟದ್ದು. ಸೈರನ್ ನಿಂತು ಮೌನವಾದರೆ ಈಗ ಢಮಾರ್ ಎನ್ನುತ್ತದೆ ಎಂದು ಲೆಕ್ಕ. ಈಗ ಯಾವ ತಾಯಿಯೂ ಬಾಗಿಲು ತೆಗೆಯುವುದಿಲ್ಲ. ಕಂಬಗಳು ಅರ್ಧಕ್ಕಿಂತ ಮೇಲೆ ಕೆಂಪಾಗಿದ್ದವು.

ಪೆಟ್ಟಿಗೆಯ ಎರಡನೆಯ ಗುಂಡಿಯ ಮೇಲೆ ನನ್ನ ಕೈ ಹೋಯಿತು. ಭಾರ್ಗವ ಸರ್ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಏನ್ ಮಾಡ್ತಿದೀರಿ? ಅದು 'ಅಪಾಯ ಇಲ್ಲ' ಅನ್ನೋ ಸೈರನ್! ಗುಡ್ಡ ಬೀಳ್ತಾ ಇರುವಾಗ ಅದನ್ನ ಊದಿದ್ರೆ ನಮ್ಮನ್ನ ಜೈಲಿಗೆ ಹಾಕ್ತಾರೆ, ಸುಂಕಮ್ಮ!"

"ಹಾಕ್ಲಿ ಬಿಡ್ರಿ! ಅಪಾಯ ಇಲ್ಲ ಅಂದ್ರನ ಸರ್ ಅವರು ಬಾಗಲಾ ತೆಗಿಯೂದು!"

ಅವರು ಪರದೆಯತ್ತ ತಿರುಗಿ ಮುಚ್ಚಿದ ಬಾಗಿಲುಗಳನ್ನು ನೋಡಿದರು. ಕೈ ಬಿಟ್ಟರು. ಅದಕ್ಕೇ ಹೇಳಿದ್ದು, ಒಳ್ಳೆಯ ಮನುಷ್ಯ ಎಂದು.

ಗುಂಡಿಗೆ ಬೆರಳಿಟ್ಟಾಗ ನನಗೆ ಅದು ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಈ ಸೈರನ್ ಕೇಳಿ ಎಲ್ಲರ ಬಾಗಿಲೂ ತೆರೆಯುತ್ತದೆ, ನಮ್ಮ ಮನೆಯದು ತೆರೆಯುವುದಿಲ್ಲ. ಇದು ಕೂಗಿದಾಗ ನನ್ನವ್ವ ಇನ್ನೂ ಬಿಗಿಯಾಗಿ ಕೂರುತ್ತಾಳೆ. ಬಾಗಿಲು ತಟ್ಟುವ ವಲಿ ಮಾವ ಮಣ್ಣಾಗಿ ವರ್ಷವಾಗಿದೆ. ಬೇರೆ ದಾರಿ ಏನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಒತ್ತಿದೆ.

ಒಂದೇ ಉಸಿರಿನ ಸೈರನ್ ಕಣಿವೆ ತುಂಬಿತು.

ಬಾಗಿಲುಗಳು ತೆರೆದವು. ಮೇಲಿನ ಲೈನು, ನಡುವಿನ ಲೈನು, ಒಂದಾದ ಮೇಲೊಂದು. ಜನ ಆರಾಮಾಗಿ ಹೊರಬಂದರು. ಒಬ್ಬ ಆಕಳಿಸಿದ, ಒಬ್ಬಳು ಎಂಜಲು ಕೈಯಲ್ಲೇ ಬಂದು ಕೊಡದತ್ತ ಹೋದಳು. ತಲೆ ಎತ್ರೋ, ತಲೆ ಎತ್ತಿ ನೋಡ್ರೋ ಎಂದು ಪರದೆಗೆ ಕೂಗಿದೆ. ಕೊನೆಗೆ ಯಾರೋ ನೋಡಿದರು. ದಿಬ್ಬದ ಮೈಯೆಲ್ಲ ಕೆಂಪು ನೀರು ಜಿನುಗುತ್ತಿತ್ತು, ನೆತ್ತಿಯಲ್ಲಿ ಬಿರುಕು ಬಾಯಿ ಬಿಟ್ಟಿತ್ತು. ಆಮೇಲೆ ಎಲ್ಲರೂ ಓಡಿದರು. ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಎಳೆದುಕೊಂಡು ಮೈದಾನಕ್ಕೆ ಓಡಿದರು.

ನಾನು ನೋಡುತ್ತಿದ್ದದ್ದು ಒಂದೇ ಬಾಗಿಲನ್ನು. ಮೇಲಿನ ಲೈನಿನ ಕೊನೆಯ ಮನೆ, ಹಸಿರು ಬಣ್ಣದ ಬಾಗಿಲು. ಹೋದ ಯುಗಾದಿಗೆ ನಾನೇ ಬಳಿದಿದ್ದೆ. ಓಡುವ ಜನ ಅಡ್ಡ ಬಂದು ಅದು ಮತ್ತೆ ಮತ್ತೆ ಮರೆಯಾಗುತ್ತಿತ್ತು, ತೆರೆಯಿತೋ ಇಲ್ಲವೋ ತಿಳಿಯಲಿಲ್ಲ.

ಎಲ್ಲ ಕಂಬ ಕೆಂಪಾದವು. ದಿಬ್ಬ ಬಿದ್ದಿತು ಎನ್ನುವ ಹಾಗಿಲ್ಲ. ಬೀಳುವುದಕ್ಕೆ ಸದ್ದಿರುತ್ತದೆ. ಇದು ಪಾತ್ರೆಯಿಂದ ಅಂಬಲಿ ಸುರಿದಂತೆ ಸುಮ್ಮನೆ ಇಳಿದು ಬಂತು. ಮೇಲಿನ ಲೈನು ಹೋಯಿತು. ನಡುವಿನ ಲೈನು ಹೋಯಿತು. ಪರದೆ ಕೆಂಪಾಗಿ, ಆಮೇಲೆ ಕಪ್ಪಾಯಿತು.

ಬಂಡೆ ಇಳಿದು ಮೈದಾನಕ್ಕೆ ಹೇಗೆ ಬಂದೆನೋ ಗೊತ್ತಿಲ್ಲ. ಚಪ್ಪಲಿ ಇರಲಿಲ್ಲ. ಅಳುವ ಜನರ ನಡುವೆ ಹೆಸರು ಹಿಡಿದು ಕೂಗುತ್ತಾ ಹೋದೆ. ಬೇವಿನ ಮರದ ಬುಡದಲ್ಲಿ ಪಂಪಾ ನಿಂತಿದ್ದಳು. ಶಾಲೆಯ ಲಂಗ, ಒಂದೇ ಜಡೆ, ಬಾಯಿ ತುಂಬ ರಕ್ತ.

"ಅಯ್ಯೋ ನನ್ನ ಕೂಸೇ!" ಸೆರಗಿನಿಂದ ಬಾಯಿ ಒರೆಸಿದೆ. ತುಟಿ ನೋಡಿದೆ, ನಾಲಿಗೆ ನೋಡಿದೆ, ಗಾಯವಿರಲಿಲ್ಲ.

"ಅದು ನಂದಲ್ಲವ್ವ," ಎಂದಳು. "ಅಜ್ಜೀದು."

ಆಮೇಲೆ ಬಿಕ್ಕುತ್ತಾ ಹೇಳಿದಳು. ಅಜ್ಜಿ ಅವಳನ್ನು ಒಳಗೆಳೆದುಕೊಂಡು ಚಿಲಕ ಹಾಕಿದ್ದಳು. "ಅಜ್ಜಿ, ಸಾಲ್ಯಾಗ ಹೊರಗ ಹೋಗ್ರಿ ಅಂತ ಹೇಳ್ಯಾರ" ಎಂದು ಇವಳು ಹೇಳಿದರೂ ಬಿಡಲಿಲ್ಲ. ಉದ್ದನೆಯ ಸೈರನ್ ಕೇಳಿ ಪಕ್ಕದ ಮನೆಯವರೆಲ್ಲ ಹೊರಬಂದ ಸದ್ದಾಯಿತು. ಆಗಲೂ ಬಿಡಲಿಲ್ಲ.

"'ತಡಿಯವ್ವ, ಇನ್ನಾ ಬಾಗಲಾ ತಟ್ಟಿಲ್ಲ, ವಲಿ ಬಂದು ತಟ್ಟಲಿ' ಅಂದ್ಲು. ಗಟ್ಟ್ಯಾಗಿ ಹಿಡ್ಕೊಂಡಿದ್ಲು. ನಾನು ಕಚ್ಚಿದೆ. ಬಿಡ್ಲಿಲ್ಲ. ಮತ್ತ ಜೋರಾಗಿ ಕಚ್ಚಿದೆ. ಆವಾಗ ಬಿಟ್ಲು."

ಅವ್ವನನ್ನು ಹೊರತೆಗೆದದ್ದು ನಾಲ್ಕನೆಯ ದಿನ. ಬಾಗಿಲಿನ ಹತ್ತಿರವೇ ಸಿಕ್ಕಳು. ಮೊಮ್ಮಗಳ ಹಿಂದೆ ಹೊರಟಿದ್ದಳೋ, ತಡೆಯಲು ಬಂದಿದ್ದಳೋ, ತೆರೆದ ಬಾಗಿಲನ್ನು ಮತ್ತೆ ಮುಚ್ಚಲು ಬಂದಿದ್ದಳೋ, ಅದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ವಿಚಾರಣೆ ನಡೆಯಿತು. ಯಂತ್ರದಲ್ಲಿ ದೋಷವಿಲ್ಲ, ಹೇಳಿದಷ್ಟು ಹೊತ್ತು ಗುಡ್ಡವನ್ನು ಹಿಡಿದಿದೆ ಎಂದು ಬರೆದರು. ಸುಳ್ಳು ಸೈರನ್ ಊದಿದ್ದಕ್ಕೆ ನನ್ನನ್ನು ಮೂರು ಸಲ ಕರೆಸಿದರು, ಭಾರ್ಗವ ಸರ್ ಪ್ರತಿ ಸಲವೂ ಎದ್ದು ನಿಂತು "ನಾನೇ ಊದಿಸಿದ್ದು" ಎಂದರು. ಕೊನೆಗೆ ಇಬ್ಬರನ್ನೂ ಬಿಟ್ಟರು. ಬದುಕಿದ ನಮ್ಮ ಜನ ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ. ನನಗೆ ಮೈ ಉರಿಯುತ್ತದೆ. ಎರಡು ವರ್ಷ ಮಿರ್ಚಿ ತಿಂದು ಚಪ್ಪಾಳೆ ತಟ್ಟಿಸಿಕೊಂಡೆವಲ್ಲ, ಒಂದೇ ಒಂದು ಗುರುವಾರ ಮಧ್ಯಾಹ್ನ ಸೈರನ್ ಊದಿ ನೋಡೋಣ ಎಂದು ಕ್ಯಾಂಪಿನಲ್ಲಿ ಒಬ್ಬರಿಗಾದರೂ ಅನ್ನಿಸಬಾರದಿತ್ತೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಬೇರೆ ಗಣಿಗಳ ದಿಬ್ಬಗಳಿಗೂ ಇದೇ ಯಂತ್ರ ಹಾಕುತ್ತಿದ್ದಾರೆ. ತಾಲೀಮು ಯಾವ ಹೊತ್ತಿಗೆ ಇಡುತ್ತಾರೋ ನನಗೆ ಗೊತ್ತಿಲ್ಲ.

ನಮಗೆ ಈಗ ಬಯಲಲ್ಲಿ ಮನೆ ಕೊಟ್ಟಿದ್ದಾರೆ. ಸುತ್ತ ಎಲ್ಲೂ ಗುಡ್ಡವಿಲ್ಲ. ಪಂಪಾಳಿಗೆ ಮುಂದಿನ ಹಲ್ಲು ಬಂದಿದೆ. ಎಲ್ಲ ಸರಿಯಿದೆ, ರೊಟ್ಟಿ ಮಾತ್ರ ಅವಳಿಗೆ ನನ್ನ ಕೈಯದು ಸೇರುವುದಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಕೇಳಿದಳು. ಇಷ್ಟು ದಿನ ಕೇಳಿರಲಿಲ್ಲ.

"ಅವ್ವಾ, ಅಜ್ಜೀನ್ನ ಮಣ್ಣು ಮಾಡೂಮುಂದ ನೀನು ಕೈ ನೋಡಿದೇನು?"

ನೋಡಿದ್ದೆ. ಮೈ ತೊಳೆದವಳು ನಾನೇ. ಬಲಗೈಯ ಹೆಬ್ಬೆರಳಿನ ಬುಡದಲ್ಲಿ, ಕೆಂಪು ಮಣ್ಣು ಹೋಗುವ ತನಕ ನೀರು ಹುಯ್ದ ಮೇಲೆ, ಸಣ್ಣ ಸಣ್ಣ ಹಲ್ಲಿನ ಸಾಲು ಕಂಡಿತ್ತು. ನಡುವೆ ಒಂದು ಹಲ್ಲಿನ ಜಾಗ ಖಾಲಿ.

"ನೋಡಿದೆ," ಎಂದೆ. "ಏನೂ ಆಗಿರಲಿಲ್ಲ ಮಗಳ. ಗುರುತೂ ಇರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಹೊರಗಿನ ಸೈರನ್ ಕೂಗಿದಾಗ ನನ್ನವ್ವ ಬಾಗಿಲನ್ನು ಹೀಗೇ ನೋಡುತ್ತಾ ಕೂರುತ್ತಿದ್ದಳು. ಆಮೇಲೆ ಪಂಪಾ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿಯದೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಬಹಳ ಹೊತ್ತು ತಟ್ಟಿದೆ.